ರಾಕ್ಷಸರ ಪಂಚೆಗೆ ಜರಿಯಂಚು

ಗೆಳೆಯ ನಾಗರಾಜ,

'ಗೆಳೆಯ' ಅಂತ ಬರೆಯಲೋ ಬೇಡವೋ ಎಂದು ಕಾಫಿ ಆರುವಷ್ಟು ಹೊತ್ತು ಯೋಚಿಸಿದೆ. ಬೇರೆ ಪದ ಸಿಗಲಿಲ್ಲ. ಸಿಕ್ಕವು ಬರೆಯುವಂಥವಲ್ಲ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಕಟ್ಟುತ್ತಿದ್ದಾಗ ನಿಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಬಿಳಿ ಎಂಜಿನಿಯರ್ ತನ್ನ ದೇಶಕ್ಕೆ ಹೊರಟ ದಿನ ನೆನಪಿದೆಯಾ? ಒಂದು ಬೂಟಿನ ಡಬ್ಬಿ ನಿನ್ನ ಕೈಗಿಟ್ಟು ಹೋದ. ಒಳಗೆ ಹೆಬ್ಬೆರಳುದ್ದದ ಸೀಸದ ರಾಕ್ಷಸರು. ದಾಳ ಉರುಳಿಸಿ, ತಾವೇ ವೀರರೆಂದುಕೊಂಡು ಕಥೆ ಕಟ್ಟುತ್ತಾ ಆಡುವ ಆಟವಂತೆ. ಆತ ಹುಡುಗನಾಗಿದ್ದಾಗಿನ ಕಾಯಿಗಳು. ಆಟ ನಮ್ಮ ತಲೆಗೆ ಹತ್ತಲಿಲ್ಲ, ರಾಕ್ಷಸರು ಹತ್ತಿದರು. ಒಬ್ಬೊಬ್ಬನಿಗೂ ನಾನು ಹೆಸರಿಟ್ಟೆ: "ಮೂಗು ಮೊಂಡ, ಮೈ ಗುಂಡ, ಇವನೇ ನಮ್ಮ ಪ್ರಚಂಡ." "ಲೋ ಮಂಜ, ಪ್ರಾಸ ಸಿಕ್ರೆ ಪ್ರಾಣ ಬಿಡ್ತೀಯ ಕಣೋ," ಅಂತಿದ್ದೆ ನೀನು. ನೋಡು, ಯಾರು ಬಿಟ್ಟಿದ್ದು ಅಂತ.

ಪ್ರಚಂಡನ ಸೊಂಟದ ಬಟ್ಟೆಗೆ ಬಣ್ಣ ಹಚ್ಚಿದ ಭಾನುವಾರ ನೆನಪಾಗುತ್ತದೆ. ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯವನು; ಅಂಚಿಲ್ಲದ ಬಟ್ಟೆ ಕಂಡರೆ ಕಣ್ಣಿಗೆ ಚುಚ್ಚುತ್ತದೆ. ಕೆಂಪಿನ ಮೇಲೆ ಚಿನ್ನದ ಬಣ್ಣದ ಜರಿಯಂಚು ಎಳೆದುಬಿಟ್ಟೆ. "ಏನ್ಲಾ ಇದು, ಮನುಷ್ಯರನ್ನ ತಿನ್ನೋನು ಮದುವೆಗೆ ಹೊರಟವ್ನೆ!" ಅಂತ ನೀನು ನಕ್ಕೆ. "ಹೋಗ್ಲಿ ಬಿಡು, ಊಟ ಅಲ್ಲೇ ಚೆನ್ನಾಗಿರುತ್ತೆ," ಅಂದೆ ನಾನು. ಅಂದಿನಿಂದ ಮೈಬಣ್ಣ ನಿನ್ನದು, ಅಂಚು ನನ್ನದು. ಬೆಂಗಳೂರಿನ ಹಳೇ ಸಾಮಾನಿನ ಸಂತೆಯಲ್ಲಿ ಹುಡುಕಿ ತಂದ ರಾಕ್ಷಸರಿಗೂ ಅದೇ ಶಾಸ್ತ್ರ. ಬಣ್ಣ ಹಚ್ಚಿ ಮುಗಿದವರೆಲ್ಲ ನಿನ್ನ ಗಾಜಿನ ಬೀರುವಿಗೆ.

ನಿನ್ನ ತಿಥಿಯ ದಿನ ಊಟಕ್ಕೆ ಕೂತಾಗ ಪಕ್ಕದ ಎಲೆಗೆ ಬೆಂಗಳೂರಿನ ಯುವಕನೊಬ್ಬ ಬಂದ. ಅಲ್ಲಿ ಅವರದೊಂದು ಗುಂಪು ಸೇರಿ ಆ ಆಟ ಆಡುತ್ತದಂತೆ. ನೀನು ನಮ್ಮ ರಾಕ್ಷಸರನ್ನು ಹೊತ್ತು ವರ್ಷಗಳಿಂದ ಅಲ್ಲಿಗೆ ಹೋಗುತ್ತಿದ್ದೆಯಂತೆ. ನನಗೆ ಅದೇ ಮೊದಲ ಸುದ್ದಿ.

"ಆ ಜರಿ ಬಾರ್ಡರ್ ಇದ್ಯಲ್ಲ, ನಾಗರಾಜ್ ಅಂಕಲ್ ಅದಕ್ಕೇ ಫೇಮಸ್ಸು. ಯಾರ ಐಡಿಯಾ ಅಂದ್ರೆ, 'ನಂದೇ ತಲೆ, ನಂದೇ ಕೈ' ಅನ್ನೋರು."

"ಜೊತೆಗೆ ಯಾರೂ ಇರ್ಲಿಲ್ವಂತಾ?"

"ಯಾರೋ ಒಬ್ರು ಬಂದು ಬ್ರಷ್ ತೊಳ್ಕೊಡ್ತಾರೆ ಅಂತಿದ್ರು. ನಿಮಗ್ ಗೊತ್ತಾ ಅವ್ರು?"

ಪಾಯಸ ಬಂತು. ಇನ್ನೊಂದು ಸೌಟು ಹಾಕಿಸಿಕೊಂಡೆ. ಬಾಯಿಗೆ ಏನಾದರೂ ಕೆಲಸ ಕೊಡಬೇಕಿತ್ತು.

ಬ್ರಷ್ ತೊಳೆಯುವವನು! ನೀನು ಅಂಚನ್ನು ಕದ್ದೆ, ಸರಿ. ಅಷ್ಟೂ ಭಾನುವಾರಗಳಿಂದ ನನ್ನನ್ನೇ ಅಳಿಸಿಹಾಕುವಂಥದ್ದು ಏನಿತ್ತು, ನಾಗ? 'ಅಂಚು ನನ್ನ ಸ್ನೇಹಿತ ಎಳೆದದ್ದು' ಅಂತ ಒಂದೇ ಒಂದು ಸಲ ಅಂದಿದ್ದರೆ ಯಾವ ರಾಕ್ಷಸ ನಿನ್ನನ್ನು ತಿಂದುಬಿಡುತ್ತಿದ್ದ? ವಾರವಾರ ಎದುರಿಗೆ ಕೂತು, ಅದೇ ಲೋಟದಲ್ಲಿ ಬ್ರಷ್ ಅದ್ದುತ್ತಾ, ಒಳಗೊಳಗೇ ನೀನು...

ದಸರೆಗೆ ಮೊದಲು ನಿನ್ನ ಹೆಂಡತಿ ಶೈಲಜಾ ಕರೆಸಿ, ಆ ಗಾಜಿನ ಬೀರು ತೆರೆದರು. "ಈ ವರ್ಷ ನಮ್ಗೆ ಹಬ್ಬ ಇಲ್ಲ ಅಣ್ಣ. ಇವನ್ನ ನೀವೇ ತಗೊಂಡೋಗಿ, ನಿಮ್ಮನೇಲಿ ಬೊಂಬೆ ಜೊತೆ ಕೂರ್ಸಿ." ತಿಥಿಯ ದಿನ ಕೇಳಿದ್ದನ್ನು ಆಕೆಗೆ ಹೇಳದೆ, ರಾಕ್ಷಸರನ್ನು ಡಬ್ಬಿಗೆ ತುಂಬಿಕೊಂಡು ಬಂದೆ. ನನ್ನ ಹೆಂಡತಿ ಗೌರಿ ಅವರನ್ನೆಲ್ಲ ಚಾಮುಂಡಿಯ ಎದುರು ಮಹಿಷಾಸುರನ ಸೈನ್ಯವೆಂದು ಸಾಲಾಗಿ ನಿಲ್ಲಿಸಿದಳು.

ನಿನ್ನೆ ಅರಿಶಿನ ಕುಂಕುಮಕ್ಕೆ ಎದುರು ಮನೆಯ ಪದ್ಮಕ್ಕ ಬಂದಿದ್ದರು. "ಅಯ್ಯೋ ಶಿವನೇ, ರಾಕ್ಷಸ್ರಿಗೂ ರೇಷ್ಮೆ ಪಂಚೆ! ಯಾರಪ್ಪಾ ಮಾಡಿದ್ದು?" ಗೌರಿ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತು. ಇಬ್ಬರ ಹೆಸರನ್ನೂ ಹೇಳಬೇಕೆಂದೇ ಬಾಯಿ ತೆರೆದೆ.

"ಎಲ್ಲಾ ನಾನೇ," ಅಂದೆ.

"ಮೈಬಣ್ಣಾನೂ?" ಅಂದಳು ಗೌರಿ.

"ಅದೂ ನಾನೇ."

ಎಷ್ಟು ಸಲೀಸಾಗಿ ಬಂತು ಗೊತ್ತಾ? ಪದ್ಮಕ್ಕ ಹೊಗಳುವಷ್ಟು ಹೊತ್ತೂ ಹಿತವಾಗಿತ್ತು. ಅವರು ಹೋದ ಮೇಲೆ ಗೌರಿ, "ಈಗ ಸಮ ಆಯ್ತಾ?" ಅಂದಳು. ಆಗಿರಲಿಲ್ಲ.

ಹಬ್ಬ ಇನ್ನೂ ಮುಗಿದಿಲ್ಲ. ನಾಳೆಯೂ ಜನ ಬರುತ್ತಾರೆ, ಕೇಳಿಯೇ ಕೇಳುತ್ತಾರೆ. ನಿನ್ನ ಹೆಸರು ಹೇಳುತ್ತೇನೆಂದು ಆಣೆ ಇಡಲಾರೆ. ಪ್ರಯತ್ನ ಮಾಡುತ್ತೇನೆ.

ನೀನು ಅಷ್ಟನ್ನೂ ಮಾಡಲಿಲ್ಲ ಕಣೋ.

ಮಂಜ