ಹೆಗಲ ಪಟ್ಟಿ ಅಳಿಸುವುದಿಲ್ಲ

ಬ್ರಸೆಲ್ಸ್, ಬುಧವಾರ

ಹಾಲು ಮಾರುವ ಪೆಟ್ರೊನೆಲ್ಲಾ ಅತ್ತೆಗೆ, ನಿಮ್ಮ ಅಂಗಳದ ತುಂಬ ಬಣ್ಣ ಚೆಲ್ಲಿ ಬೈಸಿಕೊಂಡ ಯೋಸ್ಟನ ನಮಸ್ಕಾರ.

ನಿಮ್ಮ ಅಂಗಳದಲ್ಲಿ ನಾನು ಬರೆದ ನಮ್ಮ ಚಿತ್ರ ಇಲ್ಲಿನ ಪ್ರದರ್ಶನಕ್ಕೆ ಆಯ್ಕೆಯಾಗಿತ್ತು. ಹಿಗ್ಗಬೇಡಿ, ಷರತ್ತಿತ್ತು. ಚಿತ್ರದಲ್ಲಿ ನಿಮ್ಮ ಹೆಗಲ ಮೇಲಿರುವ, ಗಾಡಿ ಎಳೆಯುವ ಪಟ್ಟಿಯನ್ನು ನಾನು ಅಳಿಸಬೇಕಂತೆ. ಹಾಲಿನ ಗಾಡಿಯನ್ನು ನಿಮ್ಮ ನಾಯಿ ಕೇಯ್ಸರ್ ಒಬ್ಬನೇ ಎಳೆಯಬೇಕು, ನೀವು ಪಕ್ಕದಲ್ಲಿ ಕೈಬೀಸಿಕೊಂಡು ನಡೆಯಬೇಕು, ಅವನು ಕತ್ತೆತ್ತಿ ಒದ್ದೆಗಣ್ಣಿನಿಂದ ನಿಮ್ಮನ್ನೇ ನೋಡಬೇಕು. "ಆಗ ನೋಡ್ರೀ, ನಾಯಿಯ ನಿಯತ್ತು ಅಂದ್ರೇನು ಅಂತ ಜನಕ್ಕೆ ಗೊತ್ತಾಗುತ್ತೆ" ಎಂದರು ಸಮಿತಿಯ ಹಿರಿಯರು. ಅವರ ಮನೆಯ ನಾಯಿ ಮಲಗುವುದು ರೇಷ್ಮೆ ದಿಂಬಿನ ಮೇಲೆ. ನಿಯತ್ತಿನ ಬಗ್ಗೆ ಯೋಚಿಸಲು ಇಬ್ಬರಿಗೂ ಬೇಕಾದಷ್ಟು ಬಿಡುವಿದೆ.

ನಿಮಗೆ ನೆನಪಿರಬೇಕು. ಮೊದಲ ದಿನ ನಿಮ್ಮನ್ನು ಗಾಡಿಯ ಪಕ್ಕ ಸುಮ್ಮನೆ ನಿಲ್ಲಿಸಿದ್ದೆ. ಕೇಯ್ಸರ್ ಕುಳಿತುಬಿಟ್ಟ. ರೊಟ್ಟಿ ತೋರಿಸಿದೆ, ತಿಂದ, ಮತ್ತೆ ಕುಳಿತ. ಕೇಯ್ಸರ್ ಅಂದರೆ ಚಕ್ರವರ್ತಿ, ಚಕ್ರ ಮಾತ್ರ ಉರುಳಲೊಲ್ಲದು! ನೀವು ನಕ್ಕಿರಿ: "ಏ ಮರಿ, ಅವನ ಕಾಲು ಕುಂಟಾದಾಗಿಂದ ನಾನೂ ಜೊತೇಲಿ ಎಳೀತೀನಿ ಕಣೋ. ನನ್ನ ಪಟ್ಟಿ ಬಿಗಿಯಾಗೋವರೆಗೂ ಸಾಹೇಬ್ರು ಹೆಜ್ಜೆ ಎತ್ತಲ್ಲ." ಬೇರೆ ನಾಯಿ ತರಬಾರದೇ ಎಂದೆ. "ನನ್ನ ಮೊಣಕಾಲು ಹಿಡ್ಕೊಂಡಾಗ ಅವನೇನು ಬೇರೆ ಯಜಮಾನಿ ಹುಡುಕ್ಕೊಂಡು ಹೋದ್ನಾ?" ಎಂದಿರಿ.

ಆಮೇಲೆ ನೀವು ಪಟ್ಟಿ ಹಾಕಿಕೊಂಡಿರಿ, ಅವನು ಎದ್ದ. ಇಬ್ಬರೂ ಬೆನ್ನು ಬಗ್ಗಿಸಿದಿರಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎದುರಿಗೆ ಸೇತುವೆಯ ಏರಿತ್ತು, ಪುರಸೊತ್ತಿರಲಿಲ್ಲ. ನಾನು ಕಂಡ ನಿಯತ್ತು ಅದು. ಅದನ್ನೇ ಬರೆದೆ.

ಸಮಿತಿಗೂ ಹೇಳಿದೆ: "ಪಟ್ಟಿ ಅಳಿಸಿದ್ರೆ ನಾಯಿ ಕೂತುಬಿಡುತ್ತೆ ಸ್ವಾಮಿ. ಆಮೇಲೆ ಎಬ್ಬಿಸೋಕೆ ತಾವು ಬರ್ತೀರಾ?" ಹಾಲಿನವರಿಗೆ ಆ ಪ್ರದರ್ಶನದ ಹಾಲಿನಲ್ಲಿ ಜಾಗವಿಲ್ಲವಂತೆ. ಈ ಸಲ ಬಿಟ್ಟರೆ ಇನ್ನೆಂದೂ ಕರೆಯುವುದಿಲ್ಲ ಎಂದರು. ವರ್ಷಗಟ್ಟಲೆ ಆ ಬಾಗಿಲು ಕಾದವನು ನಾನು. ಕರೆಯದಿರಲಿ! ನನ್ನ ಕುಂಚಕ್ಕೆ ಬಾಲದ ಕೂದಲಿರಬಹುದು, ಅಲ್ಲಾಡಿಸಲು ಬರುವುದಿಲ್ಲ.

ಚಿತ್ರವನ್ನು ಹೊತ್ತು ತಂದು, ಅವರ ಬಾಗಿಲಿಗೆ ನೇರ ಎದುರಿನ ಚೀಸ್ ಅಂಗಡಿಯ ಗಾಜಿನ ಕಿಟಕಿಯಲ್ಲಿ ನಿಲ್ಲಿಸಿದ್ದೇನೆ. ಟೋಪಿಯ ದೊಡ್ಡವರು ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಾರೆ. ಇಂದು ಬೆಳಿಗ್ಗೆ ಕಲ್ಲಿದ್ದಲು ಮಾರುವವನೊಬ್ಬ ಅದರ ಮುಂದೆ ನಿಂತವನು, ಪಕ್ಕದವನ ತೋಳು ಹಿಡಿದೆಳೆದ: "ಏ, ಸರಿಯಪ್ಪಾ ಅತ್ಲಾಗೆ. ಏರು ಹತ್ತುತಾ ಇದಾರೆ, ದಾರಿ ಬಿಡು."

ನಿಮ್ಮಿಬ್ಬರ ಕಾಲುಗಳೂ ಗಟ್ಟಿಯಾಗಿರಲಿ, ಅತ್ತೆ.

ಏನನ್ನೂ ಅಳಿಸದ ನಿಮ್ಮ
ಯೋಸ್ಟ್