ಅಳುವ ಹಾಡಿನವಳ ಕುಣಿಯೋ ಕ್ಯಾಸೆಟ್ಟು

ಸೆಕೊಂಡಿ,
ಅಕ್ಟೋಬರ್ 14, 1998

ಪ್ರೀತಿಯ ಯೂಫಿ,

ಹೇಗಿದ್ದೀಯ? ಅಬಿಜಾನಿನ ಆ ಹೋಟೆಲ್ಲಿನಲ್ಲಿ ಈಗಲೂ ವಾರಕ್ಕೆ ನಾಲ್ಕು ಸಂಜೆ ಗಿಟಾರ್ ಹಿಡಿದು ಕೂರುತ್ತೀಯಂತೆ, ನಿನ್ನ ತಂಗಿ ಮನ್ಸಾ ಹೇಳಿದಳು. ಬೆರಳು ಮರಗಟ್ಟುತ್ತೆ ಅಂದಿದ್ದೆಯಲ್ಲ, ಬಿಸಿ ಎಣ್ಣೆ ತಿಕ್ಕೋದು ಬಿಡಬೇಡ. ನಾನು ಗಟ್ಟಿಯಾಗಿದ್ದೀನಿ. ಮೊಣಕಾಲು ಮಾತ್ರ ಆಗಾಗ ಮುನಿಸಿಕೊಳ್ಳುತ್ತೆ.

ಕ್ಯಾಸೆಟ್ಟನ್ನ ಬಸ್ಸಿನಲ್ಲಿ ಕಳಿಸಿ, ಜೊತೆಗೊಂದು ಸಾಲೂ ಬರೆಯದೆ ಎರಡು ತಿಂಗಳು ಸುಮ್ಮನಿದ್ದೆ. ಬೈಕೋಬೇಡ. ಗಂಡ ಹೆಂಡತಿಯಾಗಿ ನಾವು ಆರು ವರ್ಷ ಇದ್ದೆವು, ಕಾಗದ ಬರೆದುಕೊಳ್ಳೋಕೆ ಶುರುಮಾಡಿ ಇಪ್ಪತ್ತೊಂಬತ್ತಾಯ್ತು. ಇಷ್ಟು ದಿನ ನಾನು ಯಾವತ್ತೂ ತಡಮಾಡಿದವಳಲ್ಲ. ಪೇಪರಿನವರು ಏನಂತಾರೋ ನೋಡಿಕೊಂಡು ಎಲ್ಲಾ ಒಟ್ಟಿಗೇ ಬರೆಯೋಣ ಅಂತ ಕೂತೆ. ಆಮೇಲೆ ಒಂದರ ಹಿಂದೊಂದು ಏನೇನು ನಡೀತು ಅಂದರೆ, ಪೆನ್ನು ಹಿಡಿಯೋಕೂ ಪುರುಸೊತ್ತಾಗಲಿಲ್ಲ. ಈಗಲೂ ಕೈ ಓಡಿದಷ್ಟು ಬೇಗ ಬರೀತಿದ್ದೀನಿ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು.

ಮೊದಲು ಇದು ಹೇಗೆ ಶುರುವಾಯ್ತು ಹೇಳ್ತೀನಿ. ಜನವರಿಯಲ್ಲಿ ಶಾಮಾದಲ್ಲಿ ಒಂದು ಶವಸಂಸ್ಕಾರ. ಪ್ರತಿ ಶನಿವಾರ ಸಾವಿನ ಮನೆಗೆ ಹಾಡೋಕೆ ಹೋಗೋ ಹಾಗೇ ಕಪ್ಪು ಬಟ್ಟೆ ಸುತ್ತಿಕೊಂಡು ಹೋದೆ. ನಮ್ಮ ಹಳೇ ಹಾಡು ‘ಬಾಗಿಲು ಹಾಕಬೇಡಿ’ ಹಾಡಿದೆ. ಹೆಂಗಸರು ಅತ್ತರು. ಊಟವಾದ ಮೇಲೆ ಇನ್ನೊಂದು ಸಲ ಬೇಕು ಅಂದರು, ಹಾಡಿದೆ. ಹೊರಡೋ ಹೊತ್ತಿಗೆ ತಡವಾಗಿ ಬಂದ ಅಳಿಯನೊಬ್ಬ ಕೈ ಹಿಡಕೊಂಡು, “ಅಮ್ಮ, ನಾನಿನ್ನೂ ಅತ್ತಿಲ್ಲ, ನನಗೋಸ್ಕರ ಒಂದು ಸಲ,” ಅಂದ. ಮೂರನೇ ಸಲವೂ ಹಾಡಿದೆ. ಅವನು ಚೆನ್ನಾಗಿ ಅತ್ತ. ವ್ಯಾನಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ನಮ್ಮ ಕೀಬೋರ್ಡಿನ ಜೋಜೊ ಕೂತಿದ್ದ. “ಜೋಜೊ, ಜನ ಕುಣಿಯೋ ಅಂಥ ಕ್ಯಾಸೆಟ್ ಮಾಡೋಣ. ಪೂರ್ತಿ ಕುಣಿಯೋದೇ. ಒಂದೂ ಅಳೋ ಹಾಡು ಬೇಡ,” ಅಂದೆ.

ಅವನು ನನ್ನ ಹಣೆ ಮುಟ್ಟಿ ನೋಡಿದ. “ಜ್ವರ ಇಲ್ಲವಲ್ಲ.”

“ನಿನಗೆ ಆಗಲ್ಲ ಅಂದರೆ ಬೇರೆಯವರನ್ನ ನೋಡ್ತೀನಿ.”

“ಆಗುತ್ತೆ ಅಮ್ಮ. ನಿಮಗೆ ಆಗುತ್ತಾ ಅಂತ ಕೇಳಿದ್ದು. ನೀವು ನಕ್ಕಿದ್ದನ್ನೇ ನಾನು ನೋಡಿರೋದು ಎರಡು ಸಲ.”

ಹನ್ನೊಂದು ದಿನಕ್ಕೆ ಒಂಬತ್ತು ಹಾಡು ಮುಗಿಸಿದೆವು. ಟಾಕೊರಾಡಿಯ ಸ್ಟುಡಿಯೋದಲ್ಲಿ ಫ್ಯಾನೂ ಇಲ್ಲ, ನಾನು ಬೆವರು ಸುರಿಸಿಕೊಂಡು ಕುಣಿದುಕೊಂಡೇ ಹಾಡಿದೆ. ಯೂಫಿ, ನಿಂತಲ್ಲೇ ನಿಂತು ಹಾಡೋದಲ್ಲ, ಸೊಂಟ ಆಡಿಸಿಕೊಂಡು ಹಾಡೋದು. ಐವತ್ತೆಂಟು ವಯಸ್ಸಿನ ಸೊಂಟ. ಕ್ಯಾಸೆಟ್ಟಿಗೆ ಮೊದಲನೇ ಹಾಡಿನ ಹೆಸರನ್ನೇ ಇಟ್ಟೆವು, ‘ಬೆಳಕಾಯ್ತು ಏಳೇ’.

ಮೊದಲ ವಿಮರ್ಶೆ ಅಕ್ರಾದಿಂದ ಬಂತು. ಬರೆದವರು ಮಿಸ್ಟರ್ ಅಮಿಸ್ಸಾ, ನೆನಪಿದೆಯಾ, ನಮ್ಮ ಬ್ಯಾಂಡಿನ ಬಗ್ಗೆ ಎಲ್ಲರಿಗಿಂತ ಮುಂಚೆ ಬರೆದವರು ಅವರೇ. ಈಗ ಕೂದಲೆಲ್ಲಾ ಬೆಳ್ಳಗೆ. ಹಾಡಿನ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ ಮಾತು ಅಂತಾರೆ ಜನ. ಆ ಪೇಪರನ್ನ ಮನ್ಸಾ ಮಾರ್ಕೆಟ್ಟಿನಲ್ಲಿ ತನ್ನ ಮೀನಿನ ಬುಟ್ಟಿ ಪಕ್ಕ ನಿಂತು ಗಟ್ಟಿಯಾಗಿ ಓದಿದಳು. ಅವಳಿಗೆ ಓದುವ ಮುಂಚೆ ಕಣ್ಣಾಡಿಸಿ ನೋಡೋ ಅಭ್ಯಾಸ ಇಲ್ಲವಲ್ಲ. ‘ಈ ನಾಡಿನ ದುಃಖವನ್ನು ಮೂವತ್ತು ವರ್ಷ ಕಾಪಾಡಿದ ದನಿ ಈಗ ಮೊಮ್ಮಗಳ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಂದಿದೆ. ಇದು ಸಂತೋಷವಲ್ಲ, ಮರೆವು’ ಅಂತ ಇತ್ತು. ಅಷ್ಟು ಓದಿ ಮನ್ಸಾ ತಲೆ ಎತ್ತಿದಳು. ಸುತ್ತ ಮೀನಿನವರೆಲ್ಲ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

“ಅತ್ತಿಗೆ, ನಿನಗೆ ಮೊಮ್ಮಗಳೇ ಇಲ್ಲ. ಇವನಿಗೆ ಯಾರ ಚಪ್ಪಲಿ ಕಂಡಿತು?” ಅಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ದಿನ ಮಧ್ಯಾಹ್ನ ಎಲೆಯಲ್ಲಿ ಸುತ್ತಿದ ಜೋಳದ ಕೆಂಕೆ ಬಿಚ್ಚಿ ಮುಂದೆ ಇಟ್ಟುಕೊಂಡು, ಕರಿದ ಮೀನು ಪಕ್ಕಕ್ಕೆ ಇಟ್ಟುಕೊಂಡರೂ ಒಂದು ತುತ್ತೂ ಇಳಿಯಲಿಲ್ಲ. ಮರೆವು ಅಂದನಲ್ಲ ಅಂತ.

ಪೇಪರಿನ ಮಾತು ಪೇಪರಿನಲ್ಲೇ ಉಳಿಯಲಿಲ್ಲ. ಎಲ್ಮಿನಾದಿಂದ ಒಬ್ಬರು ಹಿರಿಯರು ಬಂದು, ತಮ್ಮ ಅಕ್ಕನ ಸಂಸ್ಕಾರಕ್ಕೆ ನನ್ನನ್ನ ಗೊತ್ತುಮಾಡಿದ್ದವರು, ಟೋಪಿ ಕೈಯಲ್ಲಿ ಹಿಡಿದು ನಿಂತರು. “ತಪ್ಪು ತಿಳಿಯಬೇಡಿ ತಾಯಿ. ನಿಮ್ಮನ್ನ ಕಂಡರೆ ಹುಡುಗರು ಆ ಹೊಸ ಹಾಡು ಕೇಳ್ತಾರೆ. ಹೆಣದ ಮುಂದೆ ಕುಣಿದುಬಿಟ್ಟರೆ ಏನು ಗತಿ?” ಅಂದರು. ನಮ್ಮ ಚರ್ಚಿನ ತಾಯಂದಿರ ಸಂಘದಲ್ಲೂ ನನ್ನ ಬಗ್ಗೆ ಒಂದು ಮೀಟಿಂಗ್ ಆಯ್ತಂತೆ. ಗುಡ್ ಫ್ರೈಡೇ ದಿನ ಈ ಸಲವೂ ಕ್ವಾನ್ಸಿಮಾನೇ ಹಾಡಬೇಕಾ ಅಂತ ಚರ್ಚೆ. ಗುಡ್ ಫ್ರೈಡೇಗೆ ಇನ್ನೂ ಆರು ತಿಂಗಳಿದೆ, ನೋಡು ಅವರ ಅವಸರ. ಅಳೋಕೆ ಕರೆಯುತ್ತಿದ್ದವರು ಕೈಬಿಟ್ಟರು, ಕುಣಿಯೋಕೆ ಕರೆಯುವವರು ಇನ್ನೂ ಬಂದಿರಲಿಲ್ಲ. ಎರಡು ಶನಿವಾರ ಮನೆಯಲ್ಲೇ ಕೂತೆ. ಒಂದು ಶನಿವಾರವಂತೂ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆದೆ.

ಅಷ್ಟರಲ್ಲಿ ಟಾಕೊರಾಡಿಯ ಹೊಸ ರೇಡಿಯೋದಿಂದ ಕರೆ ಬಂತು. ಅಕ್ರಾದಿಂದ ಡೆಡೆ ಅಂತ ಒಬ್ಬ ಹುಡುಗಿ ಬಂದಿದ್ದಳು, ವಯಸ್ಸು ಇಪ್ಪತ್ತಾರು, ವಾರಪತ್ರಿಕೆಯೊಂದಕ್ಕೆ ಹಾಡುಗಳ ಬಗ್ಗೆ ಬರೆಯುವವಳು. ಸ್ಟುಡಿಯೋದಲ್ಲಿ ನಾನು, ಅವಳು. ಫೋನಿನ ಆ ತುದಿಯಲ್ಲಿ ಮಿಸ್ಟರ್ ಅಮಿಸ್ಸಾ. ನನ್ನನ್ನ ನಡುವೆ ಕೂರಿಸಿಕೊಂಡು ಅವರಿಬ್ಬರೂ ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಜಗಳಕ್ಕೆ ಬಿದ್ದರು.

ಡೆಡೆ ನನ್ನ ಪರ ಅಂತ ಅಂದುಕೊಂಡಿದ್ದೆ. ಅವಳು ಬಾಯಿ ತೆರೆದದ್ದೇ, “ನಾಲ್ಕನೇ ಹಾಡು ಮತ್ತು ಏಳನೇ ಹಾಡು ಇರಲೇಬಾರದಿತ್ತು. ಡ್ರಮ್ ಮೆಷಿನ್ ತಗಡಿನ ಡಬ್ಬ ಬಡಿದ ಹಾಗಿದೆ,” ಅಂದಳು. ಗಾಜಿನ ಆಚೆ ಜೋಜೊನ ಮುಖ ನೋಡಬೇಕಿತ್ತು ನೀನು. ಆಮೇಲೆ ಅವಳು, “ಆದರೆ ಮೊದಲನೇ ಹಾಡು ಕೇಳಿದಾಗ ನಾನು ಅಡುಗೆಮನೆಯಲ್ಲಿದ್ದೆ, ಒಲೆ ಆರಿಸಿ ಬಂದು ಟೇಪ್ ರಿಕಾರ್ಡರ್ ಮುಂದೆ ನೆಲದಮೇಲೆ ಕೂತೆ. ಯಾರನ್ನೋ ಕಣ್ಣೆದುರಿಗೆ ನೋಡಿಕೊಂಡು ಹಾಡಿದ ಹಾಗಿದೆ ಅದು,” ಅಂದಳು.

ಫೋನಿನಲ್ಲಿ ಅಮಿಸ್ಸಾ ಕೆಮ್ಮಿದರು. “ಮಗಳೇ, ಸಂತೋಷ ಹಾಡೋದು ಸುಲಭ. ದುಃಖ ಹಾಡೋಕೆ ಎದೆ ಬೇಕು. ಕ್ವಾನ್ಸಿಮಾಗೆ ಆ ಎದೆ ಇತ್ತು.”

ನಾನು ಮೈಕಿಗೆ ಬಗ್ಗಿದೆ. “ಸಾರ್, ಸುಲಭ ಅಂದಿರಲ್ಲ, ಒಂದು ಸಾಲು ಹಾಡಿ ನೋಡೋಣ.”

ಅವರು ಹಾಡಲಿಲ್ಲ. ರೇಡಿಯೋದ ಹುಡುಗ ನಕ್ಕೂ ನಕ್ಕೂ ಗುಂಡಿ ಒತ್ತೋದನ್ನೇ ಮರೆತ. ಆಮೇಲೆ ಕೇಳುಗರ ಫೋನುಗಳು ಶುರುವಾದವು. ಒಬ್ಬ ಟ್ರೊಟ್ರೊ ವ್ಯಾನಿನ ಡ್ರೈವರ್, “ಈ ಹಾಡು ಹಾಕಿದರೆ ಪ್ಯಾಸೆಂಜರ್ ಇಳಿಯೋ ಸ್ಟಾಪ್ ಮರೀತಾರೆ, ನನಗೇ ಬೈತಾರೆ,” ಅಂದ. ಒಬ್ಬ ಹೆಂಗಸು, “ನನ್ನ ಗಂಡ ಹೋಗಿ ಒಂದು ವರ್ಷ. ಅವತ್ತು ಈ ತಾಯಿಯೇ ಬಂದು ಹಾಡಿದ್ದು. ನಿನ್ನೆ ಹೊಸ ಕ್ಯಾಸೆಟ್ ಹಾಕಿ ಮನೆ ಗುಡಿಸಿದೆ. ಗುಡಿಸ್ತಾ ಗುಡಿಸ್ತಾ ಕುಣಿದೆ. ತಪ್ಪಾ?” ಅಂತ ಕೇಳಿದಳು. ನಾನೇ ಹೇಳಿದೆ, “ತಪ್ಪಿಲ್ಲ ಕಣೇ ತಾಯಿ, ಮೂಲೆಮೂಲೆ ಗುಡಿಸು.”

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನಾನು ಬಾಯಿಬಿಟ್ಟು ಹೇಳಿಯೇಬಿಟ್ಟೆ. ಭಾನುವಾರ ಮಧ್ಯಾಹ್ನ ಸೆಕೊಂಡಿಯ ರೈಲ್ವೆ ನೌಕರರ ಅಂಗಳದಲ್ಲಿ ಹಾಡ್ತೀನಿ, ಅಮಿಸ್ಸಾ ಅವರೂ ಬರಬೇಕು, ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸ್ತೀನಿ ಅಂದೆ. “ಬರ್ತೀನಿ,” ಅಂದರು. ಅವರೂ ಹಟದ ಮನುಷ್ಯ.

ಭಾನುವಾರ ಜನ ಬರ್ತಾರೋ ಇಲ್ಲವೋ ಅಂತ ಬೆಳಗ್ಗಿಂದ ಮೂರು ಸಲ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದೆ. ಎರಡು ಗಂಟೆಗೆ ಹೋಗಿ ನೋಡಿದರೆ ಅಂಗಳ ತುಂಬಿ ಗೋಡೆ ಮೇಲೂ ಜನ. ಚರ್ಚಿನ ತಾಯಂದಿರ ಸಂಘದವರು ಸಾಲಾಗಿ ಕೂತಿದ್ದರು, ನನ್ನ ತಪ್ಪು ಪಟ್ಟಿ ಮಾಡೋಕೆ ಅಂತಲೇ ಬಂದವರ ಹಾಗೆ. ಅಮಿಸ್ಸಾ ಕೋಟು ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ, ಮೊಣಕಾಲ ಮೇಲೆ ನೋಟ್‌ಬುಕ್ಕು. ನಾನು ಹಳದಿ ಬಟ್ಟೆ ಉಟ್ಟಿದ್ದೆ ಯೂಫಿ. ಕಪ್ಪು ಬಿಟ್ಟು ಬೇರೆ ಬಣ್ಣದಲ್ಲಿ ಜನ ನನ್ನನ್ನ ವೇದಿಕೆ ಮೇಲೆ ನೋಡಿರಲಿಲ್ಲ, ಒಂದು ಸಲ ಹೋ ಅಂದರು.

ಮೊದಲನೇ ಹಾಡು ಶುರುಮಾಡಿ ಎರಡು ನಿಮಿಷ ಆಗಿರಲಿಲ್ಲ, ಕರೆಂಟು ಹೋಯ್ತು. ಈ ವರ್ಷ ನಮ್ಮಲ್ಲಿ ಕರೆಂಟಿನ ಕಥೆ ನಿನಗೆ ಗೊತ್ತೇ ಇದೆ. ಕೀಬೋರ್ಡ್ ಸತ್ತಿತು, ಡ್ರಮ್ ಮೆಷಿನ್ ಸತ್ತಿತು, ಮೈಕೂ ಸತ್ತಿತು. ಜೋಜೊ ಎರಡೂ ಕೈ ಎತ್ತಿ ನನ್ನ ಕಡೆ ನೋಡಿದ. ಅಮಿಸ್ಸಾ ಪೆನ್ನು ತೆಗೆದರು.

ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅಲ್ಲಿಗೆ ಮುಗೀತಿತ್ತು. ಚಪ್ಪಾಳೆ ತಟ್ಟಿಕೊಂಡು ವೇದಿಕೆ ಇಳಿದು ಜನರ ನಡುವೆ ಹೋದೆ. ಮನ್ಸಾ ಖಾಲಿ ಬಾಟಲಿ ಮೇಲೆ ಚಮಚ ಬಡಿಯೋಕೆ ಶುರುಮಾಡಿದಳು. ಬಂದರಿನ ಕೂಲಿಯವರು ಸೋಡಾ ಪೆಟ್ಟಿಗೆಗಳನ್ನ ತಿರುಗಿಸಿಟ್ಟುಕೊಂಡರು. ಆ ತಾಳ ಕೂಡಿಕೊಂಡಿತು ನೋಡು, ಹನ್ನೊಂದು ದಿನ ಸ್ಟುಡಿಯೋದಲ್ಲಿ ಹುಡುಕಿದರೂ ನಮಗೆ ಸಿಕ್ಕಿರಲಿಲ್ಲ ಅದು. ಡಬ್ಬ ಅಂದಳಲ್ಲ ಡೆಡೆ, ಸರಿಯಾಗೇ ಹೇಳಿದ್ದಳು. ಇಡೀ ಅಂಗಳ ‘ಬೆಳಕಾಯ್ತು ಏಳೇ’ ಅಂತ ಹಾಡಿತು. ತಾಯಂದಿರ ಸಂಘದ ಅಧ್ಯಕ್ಷೆಯೇ ಮೊದಲು ಎದ್ದದ್ದು, ಕರ್ಚೀಫು ಬೀಸಿಕೊಂಡು. ಅವಳ ಹಿಂದೆ ಉಳಿದವರು. ಒಂದೇ ಹಾಡನ್ನ ಇಪ್ಪತ್ತು ನಿಮಿಷ ಹಾಡಿದೆವು. ನನ್ನ ಮೊಣಕಾಲಿಗೆ ಏನಾಯ್ತೋ, ಅವತ್ತು ಅದು ಬಾಯೇ ಬಿಡಲಿಲ್ಲ.

ಅಮಿಸ್ಸಾ ಎದ್ದು ಕುಣಿದರು ಅಂತ ಬರೆದರೆ ಸುಳ್ಳಾಗುತ್ತೆ. ಕೂತೇ ಇದ್ದರು. ನೋಟ್‌ಬುಕ್ ಮಾತ್ರ ಮುಚ್ಚಿಟ್ಟಿದ್ದರು. ಹೋಗುವಾಗ ಹತ್ತಿರ ಬಂದು, “ಆ ಹಾಡು ಎಲ್ಲಿಂದ ಬಂತು ಕ್ವಾನ್ಸಿಮಾ?” ಅಂತ ಕೇಳಿದರು. ನಾನು, “ಎಲ್ಲಿಂದಲೋ ಬಂತು ಸಾರ್,” ಅಂದೆ.

ಮುಂದಿನ ವಾರ ಇನ್ನೊಂದು ಸಲ ಬರೆದರು. ಆ ಪೇಪರನ್ನ ಇದರ ಜೊತೆ ಮಡಿಸಿ ಇಟ್ಟಿದ್ದೀನಿ, ಓದು. ಉಳಿದ ಹಾಡುಗಳ ಬಗ್ಗೆ ತಾನು ಹೇಳಿದ್ದೇ ಸರಿ ಅಂತ ಈಗಲೂ ಹಟ ಹಿಡಿದಿದ್ದಾರೆ. ಆದರೆ ಕೊನೆಯಲ್ಲಿ, ‘ಮರೆವು ಎಂದು ಬರೆದಿದ್ದೆ. ಆ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮರೆತವರು ಹೀಗೆ ಹಾಡಲಾರರು’ ಅಂತ ಬರೆದಿದ್ದಾರೆ. ಡೆಡೆಯ ಪತ್ರಿಕೆಯಲ್ಲಿ ನನ್ನ ಹಳದಿ ಬಟ್ಟೆಯ ಫೋಟೋ ಪುಟದ ತುಂಬ ಬಂದಿದೆ. ಕೇಪ್ ಕೋಸ್ಟಿನಿಂದ ಕರೆ ಬಂದಿದೆ, ಕುಮಾಸಿಯಿಂದ ಬಂದಿದೆ. ಆ ಎಲ್ಮಿನಾದ ಹಿರಿಯರೂ ತಿರುಗಿ ಬಂದಿದ್ದರು, ಮೊಮ್ಮಗನಿಗೆ ಹೆಸರಿಡೋ ದಿನ ಹಾಡಬೇಕಂತೆ. ಜೋಜೊ ಈಗ ಡ್ರಮ್ ಮೆಷಿನ್ ಬಿಟ್ಟು ಸೋಡಾ ಪೆಟ್ಟಿಗೆ ಆರಿಸ್ತಾ ಇದ್ದಾನೆ, ಯಾವುದರ ನಾದ ಚೆನ್ನಾಗಿದೆ ಅಂತ. ಈ ವಯಸ್ಸಿನಲ್ಲಿ ಬೆಳಗ್ಗೆ ಏಳುವಾಗ ಇವತ್ತು ಏನಾಗುತ್ತೋ ಅಂತ ಎದೆ ಡವಡವ ಅನ್ನುತ್ತೆ ನನಗೆ. ನಾಚಿಕೆಯೂ ಆಗುತ್ತೆ.

ಇನ್ನು ಸಾಕು, ಕೈ ನೋಯ್ತಾ ಇದೆ. ಹೋಟೆಲ್ಲಿನ ಅನ್ನ ತಿಂದೇ ದಿನ ಕಳೆಯಬೇಡ, ವಾರಕ್ಕೊಂದು ದಿನವಾದರೂ ನೀನೇ ಸಾರು ಮಾಡಿಕೋ. ದೇವರು ನಿನ್ನ ಬೆರಳುಗಳನ್ನ ಕಾಯಲಿ, ನಿನ್ನ ಬಾಗಿಲಿಗೆ ಒಳ್ಳೆಯವರೇ ಬರಲಿ.

ನಿನ್ನ,
ಕ್ವಾನ್ಸಿಮಾ

ಮರೆತ ಮಾತು: ಮರೆತದ್ದು ಅಂತ ಬರೆದೆ, ಅದು ಸುಳ್ಳು. ಈ ಕಾಗದ ಇಷ್ಟು ತಡವಾದದ್ದು ಬರೀ ಪೇಪರಿನವರಿಂದ ಅಲ್ಲ. ನೀನು ಮನ್ಸಾಗೆ ಫೋನ್ ಮಾಡಿ, “ಕ್ಯಾಸೆಟ್ ಕೇಳಿದೆ. ನಮ್ಮ ಅಬಾಳನ್ನ ಅವಳು ಮರೆತೇಬಿಟ್ಟಳಾ ಕೇಳು,” ಅಂದೆಯಂತೆ. ಅವಳು ಒಂದು ತಿಂಗಳು ಒಳಗೇ ಇಟ್ಟುಕೊಂಡು, ಆ ಭಾನುವಾರದ ಹಾಡು ಮುಗಿದ ಮೇಲೆ ಅಳುತ್ತಾ ಹೇಳಿದಳು. ಅಮಿಸ್ಸಾ ಬರೆದದ್ದು ನನಗೆ ಒಂದು ಹೊತ್ತಿನ ಊಟ ತಪ್ಪಿಸಿತು, ಅಷ್ಟೇ. ನಿನ್ನದು ಹಾಗಲ್ಲ.

‘ಬಾಗಿಲು ಹಾಕಬೇಡಿ’ ಯಾರಿಗೆ ಕಟ್ಟಿದ ಹಾಡು ಅಂತ ಗೊತ್ತಿರೋದು ನಿನಗೆ ಮತ್ತು ನನಗೆ. ದಡಾರ ಬಂದು ಅವಳು ಹೋದ ತಿಂಗಳೇ ನಾವದನ್ನ ರೆಕಾರ್ಡ್ ಮಾಡಿದೆವು, ನೀನು ಗೋಡೆಗೆ ಮುಖ ಮಾಡಿ ಗಿಟಾರ್ ನುಡಿಸಿದೆ. ಅದು ನಮಗೆ ಹೆಸರು ತಂದಿತು. ಮೂರು ವರ್ಷ ಕಳೆದ ಮೇಲೆ ಅದನ್ನ ಕೇಳೋಕಾಗದೆ ನೀನು ಗಡಿ ದಾಟಿದೆ. ನಾನು ಇಲ್ಲೇ ಉಳಿದೆ. ಕಂಡವರ ಮನೆಯಲ್ಲಿ ಶನಿವಾರ ಶನಿವಾರ ನನ್ನ ಮಗಳನ್ನ ಮಣ್ಣುಮಾಡಿದೆ. ಅವಳು ಸತ್ತದ್ದು ಒಂದು ದಿನ, ಬದುಕಿದ್ದು ಹದಿನಾಲ್ಕು ತಿಂಗಳು. ಮೂವತ್ತೆರಡು ವರ್ಷ ಆ ಒಂದು ದಿನವನ್ನೇ ಹಾಡಿದೆ.

‘ಬೆಳಕಾಯ್ತು ಏಳೇ’ ಹೊಸ ಹಾಡಲ್ಲ. ನೀನು ಬೆಳಗಿನ ಪಾಳಿಗೆ ಬಂದರಿಗೆ ಹೋದ ಮೇಲೆ ನಾನು ಅವಳನ್ನ ಎಬ್ಬಿಸುತ್ತಿದ್ದ ರಾಗ ಅದು. ನೀನು ಅದನ್ನ ಕೇಳೇ ಇಲ್ಲ, ಅದಕ್ಕೇ ನಿನಗೆ ಗೊತ್ತಾಗಲಿಲ್ಲ. ಕಣ್ಣು ಬಿಟ್ಟ ಕೂಡಲೆ ನಿನ್ನ ಗಿಟಾರಿನ ಪೆಟ್ಟಿಗೆ ಹಿಡಿದು ಎದ್ದು ನಿಂತು, ಎರಡೂ ಮೊಣಕಾಲು ಮಡಚಿ ಮಡಚಿ ಆಡಿಸುತ್ತಿದ್ದಳು. ಅವಳು ನಡೆಯೋದಕ್ಕಿಂತ ಮುಂಚೆ ಕುಣಿದಳು, ಯೂಫಿ. ಇದನ್ನ ನಿನಗೆ ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು.