ಹದಿನೈದರ ಹುಡುಗಿಗೆ ಒಂದು ಪತ್ರಿಕೆ

ಮಾರ್ಚ್ ೧೨, ಭಾನುವಾರ

ಮುದ್ದಿನ ಪೀಪಿ,

ಹೇಗಿದ್ದೀಯಾ? ಈ ಹೆಸರು ಕಂಡ ಕೂಡಲೇ ಮುಖ ಸಿಂಡರಿಸಿಕೊಳ್ಳುತ್ತೀಯೇನೋ. ಹದಿನೈದು ತುಂಬಿದವಳನ್ನು ಹಾಗೆ ಕರೆಯಬಾರದು ಅಂತ ಗೊತ್ತು. ಆದರೆ ಬೇರೆ ಹೆಸರು ಬರೆದರೆ ಬೇರೆ ಯಾರಿಗೋ ಕಾಗದ ಹಾಕಿದಂತಾಗುತ್ತದೆ. ಇದೊಂದು ಸಲ ಹೊಟ್ಟೆಗೆ ಹಾಕಿಕೋ.

ನಿನ್ನ ಹುಟ್ಟುಹಬ್ಬದ ದಿನ ಫೋನ್ ಮಾಡಿದಾಗ "ಎಲ್ಲಾ ಬರೆದು ಕಳಿಸ್ತೀನಿ" ಎಂದಿದ್ದೆ. ಆಮೇಲೆ ತಿಂಗಳುಗಳೇ ಉರುಳಿದವು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಂತೂ ನಾವಿಬ್ಬರೂ ಮಾತಾಡುವುದಕ್ಕಿಂತ ಗಂಟಲು ಸರಿಮಾಡಿಕೊಳ್ಳುವುದೇ ಹೆಚ್ಚು. ನೀನು "ಹೂಂ" ಎನ್ನುತ್ತೀ, ನಾನು "ಮತ್ತೆ?" ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಕಾಗದದಲ್ಲಾದರೆ ನೀನು ಸುಮ್ಮನಿದ್ದರೂ ನನ್ನ ಪಾಡಿಗೆ ನಾನು ಮಾತಾಡುತ್ತಿರಬಹುದು.

ನಾನು ಆರಾಮವಾಗಿದ್ದೇನೆ. ಸೈಕಲ್ ಅಂಗಡಿಯ ಮೇಲಿನ ಅದೇ ರೂಮು. ಬೆಳಗ್ಗೆ ಅದೇ ಪ್ರೆಸ್ಸು, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು. ಮಧ್ಯಾಹ್ನ ಬೆರಳಿನ ಶಾಯಿ ಉಜ್ಜಿ ತೊಳೆದುಕೊಂಡು ಕಾಲೇಜು. ಹೌದು, ಈ ವಯಸ್ಸಿನಲ್ಲಿ ನಿನ್ನ ಅಮ್ಮ ಡಿಸೈನ್ ಡಿಪ್ಲೊಮಾ ವಿದ್ಯಾರ್ಥಿನಿ. ಮೊದಲ ದಿನ ನಾನು ಒಳಗೆ ಹೋದಾಗ ಟೀಚರ್ ಬಂದರೆಂದು ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು. ನಾನು ನೆಟ್ಟಗೆ ಹಿಂದಿನ ಬೆಂಚಿಗೆ ಹೋಗಿ ಕೂತೆ. ಆಗ ಎದ್ದ ನಗು ನಿಲ್ಲಲು ಬಹಳ ಹೊತ್ತಾಯಿತು. ಎಲ್ಲರಿಗೂ ಹತ್ತೊಂಬತ್ತು, ಇಪ್ಪತ್ತು ವಯಸ್ಸು. ಈಗ ನನ್ನನ್ನು ಅಕ್ಕ ಎನ್ನುತ್ತಾರೆ. ಆಂಟಿಯಿಂದ ಅಕ್ಕನಿಗೆ ಇಳಿಯಲು ಒಂದು ಸೆಮಿಸ್ಟರ್ ಹಿಡಿಯಿತು.

ಕೊನೆಯ ಪರೀಕ್ಷೆಗೆ ನಮಗೆಲ್ಲ ಒಂದೇ ಕೆಲಸ ಕೊಟ್ಟರು. ಹದಿಹರೆಯದವರಿಗಾಗಿ ಒಂದು ಸಂಗೀತ ಪತ್ರಿಕೆಯ ವಿನ್ಯಾಸ: ಮುಖಪುಟ, ಪರಿವಿಡಿ, ನಡುಪುಟ, ಎಲ್ಲವೂ. ನಮ್ಮ ಮೇಷ್ಟ್ರು ನನಗಿಂತ ಹತ್ತು ವರ್ಷವಾದರೂ ಚಿಕ್ಕವರು, ನನ್ನನ್ನು ಬೈಯುವಾಗಲೂ ಮೇಡಂ ಎನ್ನುತ್ತಾರೆ. "ಬಣ್ಣ, ಫಾಂಟು ಎಲ್ಲಾ ಆಮೇಲೆ. ಮೊದಲು ಇದನ್ನ ಓದೋರು ಯಾರು ಹೇಳಿ. ಒಬ್ಬರನ್ನ ಕಣ್ಣ ಮುಂದೆ ಇಟ್ಕೊಂಡು ಬರೀರಿ" ಎಂದರು.

ಉಳಿದವರು ಪೆನ್ನು ಕಚ್ಚುತ್ತಾ ಕೂತಿದ್ದಾಗ ನಾನು ಒಂದೇ ಉಸಿರಿಗೆ ಬರೆದುಬಿಟ್ಟೆ. ನನ್ನ ಪತ್ರಿಕೆ ಓದುವವಳು ಒಬ್ಬ ಹುಡುಗಿ. ವಯಸ್ಸು ಹದಿನೈದು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಅದರ ಶ್ರುತಿಗೆ ಗುನುಗುತ್ತಾಳೆ. ಪದ ಗೊತ್ತಿಲ್ಲದ ಹಾಡಿಗೆ ತಾನೇ ಪದ ಕಟ್ಟುತ್ತಾಳೆ. ಮಂಚದ ಕೆಳಗೆ ನುಸುಳಿಕೊಂಡು ಪೀಪಿ ಊದುತ್ತಾಳೆ, ಅಲ್ಲಿ ಸದ್ದು ದೊಡ್ಡದಾಗಿ ಕೇಳುತ್ತದಂತೆ. ಮೇಷ್ಟ್ರು ಎರಡು ಸಲ ಓದಿದರು. "ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಈ ಹುಡುಗಿಗೆ ಹದಿನೈದಲ್ಲ, ಹನ್ನೆರಡು."

ಅವರಿಗೆ ನಿನ್ನ ವಿಷಯ ಏನೂ ಗೊತ್ತಿಲ್ಲ. ನಮ್ಮ ಮನೆ ಎರಡಾದದ್ದು, ಯಾರ ಜೊತೆ ಇರುತ್ತೀಯಾ ಎಂದು ಜಡ್ಜ್ ಕೇಳಿದಾಗ ನೀನು ಅಪ್ಪ ಎಂದದ್ದು, ಯಾವುದನ್ನೂ ನಾನು ಇಲ್ಲಿ ಯಾರಿಗೂ ಹೇಳಿಲ್ಲ. ಆಗ ನಿನಗೆ ಹನ್ನೆರಡು. ಈ ಮೂರು ವರ್ಷ ಪ್ರತಿ ರಜೆಗೂ ಬಾ ಎಂದೆ, ನೀನು "ಈ ಸಲ ಬೇಡ" ಎಂದೆ. ನಾನೇ ಬರಲಾ ಎಂದರೆ ನೀನು ಸುಮ್ಮನಾದೆ. ಬಲವಂತ ಮಾಡಿದರೆ ಫೋನಿನ ಆ "ಹೂಂ" ಕೂಡ ಎಲ್ಲಿ ತಪ್ಪಿಹೋಗುತ್ತದೋ ಎಂದು ನಾನೂ ಹಟ ಹಿಡಿಯಲಿಲ್ಲ. ಅಪ್ಪನನ್ನು ಫೋಟೋ ಕೇಳಿದರೆ "ತೆಗೆಸ್ಕೊಳ್ಳಲ್ಲ ಅಂತಾಳೆ" ಎನ್ನುತ್ತಿದ್ದರು. ಅಂತೂ ಆ ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿ ಹೊಸ ಹಾಳೆ ತೆಗೆದೆ. ಅದರಲ್ಲಿ "ಹುಡುಗಿ, ಹದಿನೈದು" ಎಂದು ಬರೆದ ಮೇಲೆ ಮುಂದಕ್ಕೆ ಒಂದಕ್ಷರ ಹೊರಡಲಿಲ್ಲ.

ಆದರೂ ಮೊಂಡುತನ ಬಿಡದೆ ಒಂದು ಮುಖಪುಟ ಮಾಡಿದೆ. ತಿಳಿಗುಲಾಬಿ ಹಿನ್ನೆಲೆ, ಗಿಟಾರು ಹಿಡಿದು ನಗುವ ಹುಡುಗಿ, ಸುತ್ತ ಹಾರಾಡುವ ಸ್ವರಚಿಹ್ನೆಗಳು. ಪತ್ರಿಕೆಗೆ "ಇಂಚರ" ಎಂದು ಹೆಸರಿಟ್ಟೆ. ಮೇಷ್ಟ್ರು ನೋಡಿ "ಇದನ್ನ ಹೈಸ್ಕೂಲಿಗೆ ತಗೊಂಡು ಹೋಗಿ ಮಕ್ಕಳಿಗೆ ತೋರಿಸಿ" ಎಂದರು, ಅಷ್ಟೇ.

ಕಾಲೇಜಿನ ಹಿಂದಿನ ರಸ್ತೆಯಲ್ಲೇ ಒಂದು ಹೈಸ್ಕೂಲಿದೆ. ಅಲ್ಲಿನ ಸಂಗೀತದ ಟೀಚರು ಒಂದು ಪಿರಿಯಡ್ ಬಿಟ್ಟುಕೊಟ್ಟರು. ಕಾಲು ಮುರಿದ ಕುರ್ಚಿಗಳು, ಅರ್ಧದಷ್ಟು ಕೀಗಳು ನುಡಿಯದ ಕೀಬೋರ್ಡು, ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ ಸಣ್ಣ ಕೋಣೆ. ನನ್ನ ಮುಖಪುಟ ಕೈಯಿಂದ ಕೈಗೆ ಹೋಯಿತು.

"ಇಂಚರಾನಾ? ನರ್ಸರಿ ಸ್ಕೂಲ್ ಹೆಸರಿದ್ದ ಹಾಗಿದೆ ಆಂಟಿ."

"ಇವೇನು ಹಾರಾಡ್ತಿರೋದು, ನೊಣಗಳಾ?"

ನಾನೂ ನಕ್ಕೆ. ನಗದೆ ಏನು ಮಾಡಲಿ? ಆದರೆ ಕಿಟಕಿಯ ಪಕ್ಕ ಕೂತಿದ್ದ, ಕೊರಳಿಗೆ ದೊಡ್ಡ ಹೆಡ್‌ಫೋನ್ ನೇತುಹಾಕಿಕೊಂಡಿದ್ದ ಒಬ್ಬಳು ನಗಲಿಲ್ಲ. "ನಾವು ಖುಷಿಯಾಗಿದ್ದಾಗ ಮಾತ್ರ ಹಾಡು ಕೇಳ್ತೀವಿ ಅನ್ಕೊಂಡಿದೀರ ನೀವು" ಎಂದಳು.

"ಮತ್ತೆ ಯಾವಾಗ ಕೇಳ್ತೀರಮ್ಮಾ?"

"ಮನೇಲಿ ಮಾತು ಜೋರಾದಾಗ. ಇದನ್ನ ಕಿವಿಗೆ ಹಾಕ್ಕೊಂಡು ಬಾಗಿಲು ಹಾಕ್ಕೋತೀನಿ. ಆಗ ಯಾವ ಹಾಡಾದ್ರೂ ನಡೆಯುತ್ತೆ."

"ಆಮೇಲೆ ಯಾರಾದ್ರೂ ಬಂದು ಬಾಗಿಲು ತಟ್ಟಿದ್ರೆ ಗೊತ್ತಾಗುತ್ತಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಯಾರೂ ತಟ್ಟಲ್ಲ" ಎಂದಳು.

ವಾಪಸು ಬರುವಾಗ ದಾರಿ ತಪ್ಪಿ ಬೇರೆ ಬೀದಿಗೆ ಹೋಗಿಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಊಟದ ಮೇಜಿನಲ್ಲೂ ನೀನು ಹೆಡ್‌ಫೋನನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ. ಮೇಜಿನ ಈಚೆ ನಾನು, ಆಚೆ ಅಪ್ಪ, ನಡುವೆ ನೀನು ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದೆ. ನೀನೂ ಅದಕ್ಕೇ ಹಾಕಿಕೊಳ್ಳುತ್ತಿದ್ದೆಯಾ? ಆಗ ಏನು ಕೇಳುತ್ತಿದ್ದೆ? ಎಂದಾದರೂ ಹೇಳಬೇಕೆನಿಸಿದರೆ ಹೇಳು. ಬೇಡವೆನಿಸಿದರೆ ಬೇಡ.

ಗುಲಾಬಿಯ ಮುಖಪುಟವನ್ನು ಕಂಪ್ಯೂಟರಿನಿಂದಲೇ ಅಳಿಸಿ ಮೊದಲಿನಿಂದ ಶುರುಮಾಡಿದೆ. ಹೆಸರು "ಸದ್ದು" ಎಂದಾಯಿತು. ಆ ಹೆಡ್‌ಫೋನ್ ಹುಡುಗಿಯನ್ನು ನಿನ್ನ ಫೋಟೋ ಹಾಕಲೇ ಎಂದು ಕೇಳಿದ್ದೆ. "ಮುಖ ಬೇಡ" ಎಂದಳು. ಸರಿ, ಮುಖಪುಟದಲ್ಲಿ ಮುಖವೇ ಇಲ್ಲ. ಮುಚ್ಚಿದ ಒಂದು ಬಾಗಿಲು, ಕೆಳಗಿನ ಸಂದಿಯಿಂದ ಹೊರಗೆ ಬರುವ ಬೆಳಕು, ಅಷ್ಟೇ. ಅಕ್ಷರ ಆರಿಸಲು ಪಕ್ಕದ ಬೆಂಚಿನ ನೀಲಿ ಕೂದಲಿನ ಹುಡುಗಿ ಸಹಾಯ ಮಾಡಿದಳು. ನಾನು ತೋರಿಸಿದ್ದಕ್ಕೆಲ್ಲ "ಅಕ್ಕಾ, ಈ ಅಕ್ಷರ ತುಂಬಾ ಮೇಕಪ್ ಮಾಡ್ಕೊಂಡಿದೆ" ಎಂದು ಮೂಗು ಮುರಿದು, ಕಡೆಗೆ ಒಂದು ಸಾದಾ ಅಕ್ಷರಕ್ಕೆ ಒಪ್ಪಿದಳು. ನಡುಪುಟದಲ್ಲಿ ಹೆಡ್‌ಫೋನ್ ಹುಡುಗಿಯ ಮಾತುಗಳನ್ನು ಸಣ್ಣದಾಗಿ ಮಧ್ಯದಲ್ಲಿಟ್ಟು ಸುತ್ತ ಪೂರ್ತಿ ಖಾಲಿ ಬಿಟ್ಟೆ. ಮೇಷ್ಟ್ರು ಹುಬ್ಬೇರಿಸಿದರು.

"ಇಷ್ಟೊಂದು ಜಾಗ ವೇಸ್ಟ್ ಆಗ್ತಿದೆ ಅನ್ನಿಸಲ್ವಾ ಮೇಡಂ?"

"ಇಲ್ಲ ಸರ್. ಅದು ಅವಳ ರೂಮು."

ಅವರು ಪುಟವನ್ನು ಹಾಗೇ ನನ್ನ ಕೈಗೆ ಕೊಟ್ಟು ಮುಂದಿನ ಬೆಂಚಿಗೆ ಹೋದರು.

ಮೊನ್ನೆ ಶುಕ್ರವಾರ ಪ್ರದರ್ಶನವಿತ್ತು. ಫೋನಿನಲ್ಲಿ ನಿನಗೆ ಹೇಳಿದ್ದೆ, ನೀನು "ಹೂಂ" ಎಂದಿದ್ದೆ. ಎರಡನೆಯ ಮಹಡಿಯ ಹಾಲಿನಲ್ಲಿ ದಾರ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಎಲ್ಲರ ಪತ್ರಿಕೆಗಳನ್ನೂ ಕ್ಲಿಪ್ಪಿನಲ್ಲಿ ನೇತುಹಾಕಿದ್ದೆವು. ಮಧ್ಯಾಹ್ನ ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ನಿನ್ನ ಅಪ್ಪ. ತುಸು ಇಳಿದುಹೋಗಿದ್ದಾರೆ, ಅಲ್ಲವೇ?

"ಸ್ಪರ್ಧೆ ಇತ್ತು ಈ ಊರಲ್ಲಿ. ಕರ್ಕೊಂಡು ಬಂದಿದ್ದೆ" ಎಂದರು.

"ಯಾರನ್ನ?"

"ಯಾರನ್ನ ಅಂದ್ರೆ? ನಿನ್ನ ಮಗಳನ್ನ. ಡ್ರಮ್ಸ್ ಬಾರಿಸ್ತಾಳಲ್ಲ, ಒಂದು ವರ್ಷದಿಂದ. ನಿಂಗೆ ಹೇಳಿಲ್ವಾ?"

"ಹೇಳಿದಾಳೆ, ಹೇಳಿದಾಳೆ" ಎಂದುಬಿಟ್ಟೆ. ನೀನು ಹೇಳಿಲ್ಲ ಎನ್ನಲು ಬಾಯಿ ಬರಲಿಲ್ಲ. ಡ್ರಮ್ಸ್! ಪೀಪಿ ಊದುತ್ತಿದ್ದವಳು ಯಾವಾಗ ಕೋಲು ಹಿಡಿದೆ?

ಅಪ್ಪ ನನ್ನ ಪತ್ರಿಕೆಯನ್ನು ದಾರದಿಂದ ಬಿಡಿಸಿ, ನಿಂತುಕೊಂಡೇ ನಡುಪುಟ ಓದಿದರು. ಓದಿ ಮುಗಿದ ಮೇಲೂ ಅದೇ ಪುಟ ನೋಡುತ್ತಾ ನಿಂತಿದ್ದರು. ಆಮೇಲೆ ಅದನ್ನು ಜೋಪಾನವಾಗಿ ಮೊದಲಿದ್ದ ಹಾಗೇ ಸಿಕ್ಕಿಸಿ, ಅತ್ತ ತಿರುಗಿಕೊಂಡೇ "ಕೆಳಗೆ ಗೇಟ್ ಹತ್ರ ಇದಾಳೆ, ಗೆಳತೀರ ಜೊತೆ. ಮೇಲೆ ಬಾ ಅಂದೆ, ಬರಲ್ಲ ಅಂದ್ಲು. ನೀನೇ ಹೋಗಿ ಕರಿ. ಕರೆದ್ರೆ ಬರ್ತಾಳೆ ಅನ್ಸುತ್ತೆ" ಎಂದರು.

ಅಷ್ಟರಲ್ಲಿ ಪರೀಕ್ಷಕರು ನನ್ನ ಸಾಲಿಗೆ ಬಂದರು. ಅವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಕೆಳಗೆ ಬರುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಪರೀಕ್ಷಕರಾಗಿ ಬಂದವರು ಒಬ್ಬ ಸಂಪಾದಕಿ. "ಮುಖ ಇಲ್ಲದ ಮುಖಪುಟಾನ ಅಂಗಡೀಲಿ ಯಾರು ಕೈಗೆತ್ಕೋತಾರೆ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಪಾಸಾಗಿದ್ದೇನೆ. ಆ ಖುಷಿಗೆ ಪ್ರೆಸ್ಸಿನ ಯಜಮಾನರು ನನ್ನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದಾರೆ. ಇದರ ಜೊತೆ "ಸದ್ದು" ಪತ್ರಿಕೆಯ ಒಂದು ಪ್ರತಿ ಇಟ್ಟಿದ್ದೇನೆ. ನಿನಗೆ ಹಿಡಿಸದ್ದೆಲ್ಲಕ್ಕೂ ಕೆಂಪು ಶಾಯಿಯಲ್ಲಿ ಗೀಟು ಹಾಕು, ನನಗೇನೂ ಬೇಜಾರಿಲ್ಲ.

ಚೆನ್ನಾಗಿ ಬಾರಿಸು, ಮಗಳೇ. ಅಕ್ಕಪಕ್ಕದವರು ಬೈದರೆ ಕಿಟಕಿ ಹಾಕಿಕೊಂಡು ಬಾರಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನಿಗೆ ಎದುರುತ್ತರ ಕೊಡಬೇಡ, ಅವರಿಗೂ ವಯಸ್ಸಾಗುತ್ತಿದೆ. ನಿನ್ನ ಕೈಗಳಿಗೂ ಕಿವಿಗಳಿಗೂ ಯಾವಾಗಲೂ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಲಕೋಟೆ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಪರೀಕ್ಷಕರ ವಿಷಯ ಬರೆದೆನಲ್ಲ, ಅದು ನಿಜವಲ್ಲ. ಅವರು ಬಂದದ್ದು ಆಮೇಲೆ. ಅಪ್ಪ ಹೇಳಿದ ಕೂಡಲೇ ನಾನು ಕಿಟಕಿಗೆ ಓಡಿದೆ. ಗೇಟಿನ ಬಳಿ ಮೂವರು ಹುಡುಗಿಯರಿದ್ದರು. ಮೂವರಿಗೂ ಒಂದೇ ಕಪ್ಪು ಟೀ ಶರ್ಟು, ಹೆಚ್ಚುಕಡಿಮೆ ಒಂದೇ ಎತ್ತರ. ಒಬ್ಬಳು ಫೋನ್ ನೋಡುತ್ತಿದ್ದಳು, ಒಬ್ಬಳು ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು, ಇನ್ನೊಬ್ಬಳು ಗೋಡೆಗೆ ಒರಗಿ ನಿಂತಿದ್ದಳು. ಅವರಲ್ಲಿ ನೀನು ಯಾರೆಂದು ನನಗೆ ಗೊತ್ತಾಗಲಿಲ್ಲ. ಓಡಿ ಬಂದು, ನಿನ್ನ ಕಣ್ಣೆದುರಿಗೇ ಬೇರೆ ಯಾರದೋ ಮಗಳನ್ನು ತಬ್ಬಿಕೊಂಡುಬಿಟ್ಟರೆ? ಆ ಹೆದರಿಕೆಗೆ ಕಿಟಕಿಯ ಬಳಿಯೇ ನಿಂತುಬಿಟ್ಟೆ. ಅಪ್ಪ ಗೇಟಿಗೆ ಬಂದ ಮೇಲೆ ಗೋಡೆಗೆ ಒರಗಿದ್ದವಳು ನೆಟ್ಟಗಾಗಿ, ಒಂದು ಸಲ ಮೇಲೆ ನೋಡಿ, ಅವರ ಕೈಯಿಂದ ಚೀಲ ತೆಗೆದುಕೊಂಡಳು. ಆಗ ಗೊತ್ತಾಯಿತು. ಕೂದಲು ಕತ್ತರಿಸಿಕೊಂಡಿದ್ದೀಯ. ನಿನಗೆ ತುಂಬಾ ಒಪ್ಪುತ್ತದೆ.